ಹವಲ್ದಾರನ ಹತ್ತಿರ ವಾದ ಮಾಡಬಹುದಿತ್ತು...

ನಾನು ಡೊಂಬಿವಲಿಗೆ ಬಂದ ಹೊಸತರಲ್ಲಿ ಸಿಗ್ನಲ್ ಹಾರಿಸಿ ಸಿಕ್ಕಿಬಿದ್ದರೆ ಎದುರಿಗೆ ಒಬ್ಬ ಮನುಷ್ಯ ಇರುತ್ತಿದ್ದ. ಬಿಳಿ ಅಂಗಿ, ಖಾಕಿ ಪ್ಯಾಂಟು. "ಸಾಹೇಬ್, ಹಳದಿ ಇತ್ತು" ಅಂತ ನನ್ನ ಹರಕು ಮರಾಠಿಯಲ್ಲಿ ಹೇಳಿದರೆ ಕೇಳುತ್ತಿದ್ದ, ಬೈಯುತ್ತಿದ್ದ, ಒಮ್ಮೊಮ್ಮೆ ಬಿಟ್ಟೂ ಬಿಡುತ್ತಿದ್ದ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಸಣ್ಣಪುಟ್ಟ ತಪ್ಪಿಗೆ ಮೊದಲ ಸಲ ಹೆಚ್ಚೆಂದರೆ 100 ರೂಪಾಯಿ ದಂಡ. ಅಷ್ಟಕ್ಕಾಗಿ ರಜೆ ಹಾಕಿ ಕಲ್ಯಾಣದ ಕೋರ್ಟಿಗೆ ಯಾರು ಹೋಗುತ್ತಾರೆ ಹೇಳಿ?

ಮುಂಬಯಿಗೆ ಇ-ಚಲನ್ ಬಂದದ್ದು 2016ರಲ್ಲಿ. ಆಮೇಲೆ ಠಾಣೆ, ನವಿ ಮುಂಬಯಿಗಳೂ ಅದೇ ಜಾಲಕ್ಕೆ ಸೇರಿದವು. 2019ರ ತಿದ್ದುಪಡಿ ಆ ನೂರನ್ನು ಐನೂರು ಮಾಡಿತು. ಮಹಾರಾಷ್ಟ್ರ ಹೊಸ ದರ ಜಾರಿಗೆ ತಂದದ್ದು 2021ರ ಡಿಸೆಂಬರಿನಲ್ಲಿ. 2024ರ ಜುಲೈಯಲ್ಲಿ ಪುಣೆ ಎಕ್ಸ್‌ಪ್ರೆಸ್‌ವೇಗೂ ಕ್ಯಾಮರಾ ಕಣ್ಣು ಬಿತ್ತು.

ಈ ಕ್ಯಾಮರಾದ ಮೂಲಪುರುಷ ಯಾರು ಗೊತ್ತೇ? ಮೌಸ್ ಗಾಟ್ಸೊನೈಡಿಸ್ ಎಂಬ ಡಚ್ ರೇಸುಗಾರ, 1953ರ ಮೊಂಟೆ ಕಾರ್ಲೊ ರ‍್ಯಾಲಿ ಗೆದ್ದವನು. ತಿರುವುಗಳಲ್ಲಿ ತಾನು ಇನ್ನೂ ಜೋರಾಗಿ ಹೋಗುವುದು ಹೇಗೆಂದು ಅಳೆಯಲು ಮಾಡಿಕೊಂಡ ಯಂತ್ರ ಅದು!

ಇನ್ನು ನನ್ನ ಕಥೆ. ಒಂದು ದಿನ ಮೊಬೈಲಿಗೆ ಚಲನ್ ಬಂತು. ಖಾಡಿಯಾಚೆಯ ಯಾವುದೋ ಸಿಗ್ನಲ್, ನಲವತ್ತು ದಿನ ಹಿಂದಿನ ತಾರೀಕು. ಆ ದಿನ ಸ್ಕೂಟರ್ ಬಿಲ್ಡಿಂಗ್ ಕೆಳಗೇ ಇತ್ತು. ಸೊಸೈಟಿಯ ಕ್ಯಾಮರಾ ನೋಡೋಣವೆಂದರೆ ಅದರಲ್ಲಿ ಉಳಿಯುವುದು ಮೂವತ್ತು ದಿನದ್ದು ಮಾತ್ರ. ನನ್ನ ಸಾಕ್ಷಿ ಅಳಿಸಿಹೋಗಿತ್ತು, ಅವರದ್ದು ಭದ್ರವಾಗಿತ್ತು. 2021ರ ಆಗಸ್ಟಿನ 167ಎ ನಿಯಮದಲ್ಲಿ ತಪ್ಪು ನಡೆದ 15 ದಿನದೊಳಗೆ ನೋಟಿಸು ಕಳಿಸಬೇಕು, ನಂಬರ್ ಪ್ಲೇಟು ಸ್ಪಷ್ಟವಾಗಿ ಕಾಣುವ ಫೋಟೋ ಇರಬೇಕು ಎಂದಿರುವುದು ಯಾಕೆಂದು ಆಗ ಅರ್ಥವಾಯಿತು.

"ಐನೂರು ತಾನೇ, ಕಟ್ಟಿಬಿಡಿ" ಅಂದಳು ಹೆಂಡತಿ. ಕಟ್ಟಿದರೆ ಮಾಡದ ತಪ್ಪನ್ನು ಒಪ್ಪಿಕೊಂಡಂತೆ ತಾನೇ? "ಗಾಡಿ ಮನೆಯಲ್ಲಿತ್ತು" ಎಂದು ಆನ್‌ಲೈನ್‌ನಲ್ಲಿ ದೂರು ಬರೆದೆ. ತಿರಸ್ಕಾರ. ಕಾರಣ ಒಂದೇ ಸಾಲು. ಆಮೇಲೆ ಅವರ ಫೋಟೋವನ್ನೇ ದೊಡ್ಡದು ಮಾಡಿ ನೋಡಿದೆ. ನನ್ನ 3 ಇರಬೇಕಾದಲ್ಲಿ ಮಣ್ಣು ಮೆತ್ತಿದ 8! ಗಾಡಿಯೂ ಕಪ್ಪು, ನನ್ನದು ನೀಲಿ. ಎರಡೂ ಫೋಟೋ ಅಕ್ಕಪಕ್ಕ ಇಟ್ಟು ಮತ್ತೆ ಕಳಿಸಿದೆ. ಎರಡು ತಿಂಗಳ ಮೇಲೆ ಚಲನ್ ರದ್ದಾಯಿತು.

ನಮ್ಮ ಬೆಂಗಳೂರಿನಲ್ಲಿ 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ನೂರು ಕೋಟಿಗೂ ಮೀರಿ ಜಮೆಯಾಯಿತು, 2025ರಲ್ಲಿ ಮತ್ತೆ ಕೊಟ್ಟರು. ಜನಕ್ಕೆ ಖುಷಿಯೇ. ನನಗೇಕೋ ಅದು ಸೀರೆ ಅಂಗಡಿಯ ಆಷಾಢದ ಸೇಲಿನಂತೆ ಕಂಡಿತು. ತಪ್ಪು ಚಲನ್ ಬಂದವನೂ ಅರ್ಧಕ್ಕೆ ಸಿಕ್ಕಿತಲ್ಲ ಎಂದು ಕಟ್ಟಿ ಎದ್ದುಬಿಡುತ್ತಾನೆ.

ಈಗ ಶಿಳ್‌ಫಾಟಾ ಸಿಗ್ನಲಿನಲ್ಲಿ ನಿಂತಾಗಲೆಲ್ಲ ಅಕ್ಕಪಕ್ಕದ ಕಪ್ಪು ಸ್ಕೂಟರುಗಳ ನಂಬರ್ ನೋಡುತ್ತೇನೆ. ಆ 8ರ ಮಹಾಶಯ ಇನ್ನೂ ಸಿಕ್ಕಿಲ್ಲ.