ಮುಚ್ಚಿದ ತಂಡ ತಂದುಕೊಟ್ಟ ಸಂಪತ್ತು

ಆಟ ನಿಲ್ಲಿಸಿದ ತಂಡವೊಂದು, ನಿಲ್ಲಿಸಿದ ಮೇಲೆಯೇ ತನ್ನ ಮಾಲೀಕರನ್ನು ಕೋಟ್ಯಧೀಶರನ್ನಾಗಿ ಮಾಡಿತು ಎಂದರೆ ನಂಬುವುದು ಕಷ್ಟ. ಆದರೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಇತಿಹಾಸದಲ್ಲಿ ಇದು ನಿಜವಾಗಿ ನಡೆದಿದೆ.

ಎನ್.ಬಿ.ಎ. ಎಂಬ ಹಳೆಯ ವೃತ್ತಿಪರ ಲೀಗ್‌ಗೆ ಪೈಪೋಟಿಯಾಗಿ 1967ರಲ್ಲಿ ಎ.ಬಿ.ಎ. ಎಂಬ ಹೊಸ ಲೀಗ್ ಹುಟ್ಟಿಕೊಂಡಿತು. ಜವಳಿ ಉದ್ಯಮಿಗಳಾದ ಓಜಿ ಸಿಲ್ನಾ ಮತ್ತು ಡ್ಯಾನ್ ಸಿಲ್ನಾ ಸಹೋದರರು 1974ರಲ್ಲಿ ಇದರ ತಂಡವೊಂದನ್ನು ಕೊಂಡು, ಸೇಂಟ್ ಲೂಯಿಸ್ ನಗರಕ್ಕೆ ಒಯ್ದು, 'ಸ್ಪಿರಿಟ್ಸ್' ಎಂದು ಹೆಸರಿಟ್ಟರು. ಲೀಗ್ ನಷ್ಟದಲ್ಲಿತ್ತು, ತಂಡಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಕೊನೆಗೆ 1976ರಲ್ಲಿ ಡೆನ್ವರ್, ಇಂಡಿಯಾನಾ, ನ್ಯೂಯಾರ್ಕ್ ಮತ್ತು ಸ್ಯಾನ್ ಆಂಟೋನಿಯೊ ತಂಡಗಳನ್ನು ಮಾತ್ರ ಎನ್.ಬಿ.ಎ. ಸೇರಿಸಿಕೊಂಡಿತು. ಪ್ರವೇಶ ಶುಲ್ಕ ತಲಾ 32 ಲಕ್ಷ ಡಾಲರ್.

ಉಳಿದ ಇಬ್ಬರು ಮಾಲೀಕರಿಗೆ ಪರಿಹಾರ ಕೊಡಬೇಕಾಯಿತು. ಕೆಂಟಕಿ ತಂಡದ ಜಾನ್ ವೈ. ಬ್ರೌನ್ ಸುಮಾರು 30 ಲಕ್ಷ ಡಾಲರ್ ಪಡೆದು ಹೊರನಡೆದರು. ಸಿಲ್ನಾ ಸಹೋದರರು ಸುಮಾರು 22 ಲಕ್ಷ ಡಾಲರ್‌ಗೆ ಒಪ್ಪಿ, ಜೊತೆಗೆ ಒಂದು ಷರತ್ತು ಹಾಕಿದರು: ಆ ನಾಲ್ಕೂ ತಂಡಗಳಿಗೆ ಬರುವ ದೂರದರ್ಶನ ಪ್ರಸಾರದ ಹಣದಲ್ಲಿ ತಲಾ ಏಳನೆಯ ಒಂದು ಪಾಲು ತಮಗೆ ಸಲ್ಲಬೇಕು; ಲೀಗ್ ಇರುವವರೆಗೂ ಸಲ್ಲುತ್ತಿರಬೇಕು. ಲೆಕ್ಕ ಹಾಕಿ ನೋಡಿ. ನಾಲ್ಕು ತಂಡಗಳಿಂದ ಏಳನೆಯ ಒಂದರಂತೆ ಎಂದರೆ, ಇಡೀ ಒಂದು ತಂಡದ ಪಾಲಿನ ಏಳನೆಯ ನಾಲ್ಕು ಭಾಗ. ಆಟಗಾರರಿಗೆ ಸಂಬಳವಿಲ್ಲ, ಕ್ರೀಡಾಂಗಣದ ಬಾಡಿಗೆಯಿಲ್ಲ!

ಆಗ ಆ ಹಣ ಅಲ್ಪವಾಗಿತ್ತು. 1980ರ ಫೈನಲ್ ಸರಣಿಯ ನಿರ್ಣಾಯಕ ಪಂದ್ಯದಲ್ಲಿ ಇಪ್ಪತ್ತು ವರ್ಷದ ಮ್ಯಾಜಿಕ್ ಜಾನ್ಸನ್ 42 ಅಂಕ ಗಳಿಸಿದರು. ಅದನ್ನು ಸಹ ಅಮೆರಿಕದ ಬಹುಭಾಗದಲ್ಲಿ ನೇರವಾಗಿ ತೋರಿಸದೆ, ಧ್ವನಿಮುದ್ರಿತ ಚಿತ್ರಸುರುಳಿಯಿಂದ ತಡರಾತ್ರಿ ಪ್ರಸಾರ ಮಾಡಲಾಯಿತು. 1980ರ ದಶಕದ ಆರಂಭದಲ್ಲಿ ಕೆಲವೇ ಮಿಲಿಯನ್ ಡಾಲರ್‌ಗೆ ಈ ಹಕ್ಕನ್ನು ಬಿಟ್ಟುಕೊಡಲು ಸಹೋದರರೇ ಸಿದ್ಧರಿದ್ದರು. ಮಾತುಕತೆ ಕೈಗೂಡಲಿಲ್ಲ.

ಆಮೇಲೆ ನಡೆದದ್ದು ಯಾರ ಎಣಿಕೆಗೂ ಸಿಗದಂಥದ್ದು. ಜಾನ್ಸನ್ ಮತ್ತು ಲ್ಯಾರಿ ಬರ್ಡ್ ಅವರ ಪೈಪೋಟಿ, 1984ರಲ್ಲಿ ಮೈಕೆಲ್ ಜೋರ್ಡನ್ ಆಗಮನ, ಕೇಬಲ್ ಟಿ.ವಿ.ಯ ವಿಸ್ತರಣೆ ಇವೆಲ್ಲ ಒಂದೇ ಕಾಲಕ್ಕೆ ಕೂಡಿಬಂದವು. ಪ್ರಸಾರದ ಹಕ್ಕಿನ ಬೆಲೆ ಗಗನಕ್ಕೇರಿತು. 2014ರ ವೇಳೆಗೆ ಸಿಲ್ನಾ ಅವರಿಗೆ ಸಂದದ್ದು ಸುಮಾರು 30 ಕೋಟಿ ಡಾಲರ್. ಆ ವರ್ಷ ಒಪ್ಪಂದದ ಬಹುಪಾಲನ್ನು ಕೊನೆಗೊಳಿಸಲು ಇನ್ನೂ 50 ಕೋಟಿ ಡಾಲರ್ ಕೊಡಬೇಕಾಯಿತು.

ಇದು ಜಾಣತನವೋ, ಅದೃಷ್ಟವೋ? ಎರಡೂ ಹೌದು. ಟಿ.ವಿ. ಬೆಳೆಯುತ್ತದೆಂದು ಊಹಿಸಿ ಪಾಲು ಕೇಳಿದ್ದು ಜಾಣತನ. ಅದು ಇಷ್ಟು ಬೆಳೆದದ್ದು, ಮಾರಲು ಹೋದಾಗ ವ್ಯಾಪಾರ ಕುದುರದೆ ಉಳಿದದ್ದು ಅದೃಷ್ಟ. ಅಂದು ಮಾತುಕತೆ ಫಲಿಸಿದ್ದರೆ, ಅದೇ ಜಾಣರು ಇಂದು ಯಾರ ನೆನಪಿನಲ್ಲೂ ಇರುತ್ತಿರಲಿಲ್ಲ.

ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಪ್ರಯೋಗವೊಂದರಲ್ಲಿ ಫಲಿಸಿದ ನಮೂನೆಗಳನ್ನು ಮಾತ್ರ ಎಣಿಸಿ, ಉಳಿದವನ್ನು ಚೆಲ್ಲಿಬಿಟ್ಟರೆ ಫಲಿತಾಂಶ ತಪ್ಪಾಗುತ್ತದೆ. ಶ್ರೀಮಂತರ ಚರಿತ್ರೆಯನ್ನು ನಾವು ಬಹುಮಟ್ಟಿಗೆ ಓದುವುದು ಹೀಗೆಯೇ. ಅದೇ ಎ.ಬಿ.ಎ.ಯಲ್ಲಿ ಹಣ ಹೂಡಿ, ತಂಡ ಮುಚ್ಚಿ, ಬರಿಗೈಯಲ್ಲಿ ಮನೆಗೆ ಹೋದ ಮಾಲೀಕರೂ ಇದ್ದರು. ಅವರೆಲ್ಲ ದಡ್ಡರೇನೂ ಅಲ್ಲ. ಗೆದ್ದವರನ್ನು ಹೊಗಳುವಾಗ, ಸೋತವರನ್ನು ಹಳಿಯುವಾಗ ಈ ಲೆಕ್ಕ ನಮ್ಮ ನೆನಪಿನಲ್ಲಿರಲಿ.