ರೆಕ್ಸ್: ನೇರದಿಂದ ಗುಂಗುರಿಗೆ

ಗುಂಗುರು ಕೂದಲಿನ ಬೆಕ್ಕಿನ ತಳಿಗಳಲ್ಲಿ ಹೆಚ್ಚಿನವುಗಳ ಹೆಸರಿನ ಕೊನೆಗೆ 'ರೆಕ್ಸ್' ಎಂದಿರುತ್ತದೆ. ಕಾರ್ನಿಷ್ ರೆಕ್ಸ್, ಡೆವನ್ ರೆಕ್ಸ್, ಜರ್ಮನ್ ರೆಕ್ಸ್, ಸೆಲ್ಕರ್ಕ್ ರೆಕ್ಸ್. ಲ್ಯಾಟಿನ್ನಿನಲ್ಲಿ ರೆಕ್ಸ್ ಎಂದರೆ ರಾಜ. ಬೆಕ್ಕಿನ ಮೈಮೇಲಿನ ಸುರುಳಿಗೂ ಸಿಂಹಾಸನಕ್ಕೂ ಏನು ನಂಟು? ಅದಕ್ಕಿಂತ ಬೆರಗಿನ ಸಂಗತಿ ಇನ್ನೊಂದಿದೆ. ಆ ಪದದ ಬೇರನ್ನು ಹುಡುಕುತ್ತ ಹೋದರೆ ಸಿಗುವ ಅರ್ಥ 'ನೇರ' ಎಂದು. ನೇರ ಎಂಬ ಧಾತುವಿನಿಂದ ಹುಟ್ಟಿದ ಪದವೊಂದು ಗುಂಗುರಿಗೆ ಹೆಸರಾಗಿ ನಿಂತದ್ದು ಹೇಗೆಂಬುದೇ ಇಲ್ಲಿನ ಕಥೆ.

ಲ್ಯಾಟಿನ್ನಿನ 'ರೆಕ್ಟಸ್' ಎಂದರೆ ನೇರವಾದದ್ದು, 'ರೆಗೆರೆ' ಎಂದರೆ ನೇರ ದಾರಿಯಲ್ಲಿ ನಡೆಸುವುದು, 'ರೆಗುಲಾ' ಎಂದರೆ ಗೆರೆ ಎಳೆಯುವ ಪಟ್ಟಿ. ಇಂಗ್ಲಿಷಿನ ರೂಲು ಬಂದದ್ದು ಈ ರೆಗುಲಾದಿಂದ. ನಾವು ದಿನವೂ ಆಡುವ ರೈಲು ಕೂಡ ಅದೇ ಮನೆತನದ್ದು. ಸಂಸ್ಕೃತದ 'ಋಜು' ಇವುಗಳ ದಾಯಾದಿ. 'ರಾಜನ್' ಕೂಡ ಇದೇ ಬಳಗದ್ದೆಂದು ಬಹುಪಾಲು ಭಾಷಾವಿಜ್ಞಾನಿಗಳು ಒಪ್ಪುತ್ತಾರೆ. ರಂಜಿಸುವವನು ರಾಜ ಎಂಬ ವ್ಯುತ್ಪತ್ತಿಯೊಂದು ಸಂಸ್ಕೃತ ಪರಂಪರೆಯಲ್ಲಿ ಬಹಳ ಹಿಂದಿನಿಂದ ಇದೆ. ಕಾಳಿದಾಸನೂ ರಘುವಂಶದಲ್ಲಿ ಅದನ್ನು ಬಳಸಿದ್ದಾನೆ. ಅದು ಸೊಗಸಾದ ವಿವರಣೆ, ಆದರೆ ಪದದ ನಿಜವಾದ ಬೇರು ಅದಲ್ಲ. ರಾಜನ್ ಪದ ಪ್ರಾಕೃತದಲ್ಲಿ ಸವೆದು 'ರಾಯ' ಆಯಿತು. ವಿಜಯನಗರದ ರಾಯರು, ಹೆಸರಿನ ಕೊನೆಯ ರಾವ್, ರಾಣಿ ಎಲ್ಲರೂ ಆ ದಾರಿಯಲ್ಲೇ ಕನ್ನಡಕ್ಕೆ ಬಂದವರು. ಜೂಲಿಯಸ್ ಸೀಸರನಿಗೆ ಎದುರುನಿಂತ ಗಾಲ್ ನಾಯಕ ವೆರ್ಸಿಂಜೆಟೊರಿಕ್ಸನ ಹೆಸರಿನ ಕೊನೆಯ 'ರಿಕ್ಸ್' ಕೂಡ ರಾಜನೇ.

ರಾಜನಿಗೂ ನೇರಕ್ಕೂ ಏನು ಸಂಬಂಧ ಎಂಬುದಕ್ಕೆ ಫ್ರಾನ್ಸಿನ ಭಾಷಾವಿಜ್ಞಾನಿ ಎಮಿಲ್ ಬೆನ್‌ವೆನಿಸ್ಟ್ ಕೊಟ್ಟ ಉತ್ತರ ನನಗೆ ಬಹಳ ಇಷ್ಟ. ಅವನ ಪ್ರಕಾರ ಆದಿಯ ರೆಕ್ಸ್ ಆಳುವವನಿಗಿಂತ ಹೆಚ್ಚಾಗಿ ಗೆರೆ ಎಳೆಯುವವನು. ಊರಿನ ಎಲ್ಲೆ ಯಾವುದು, ಒಳಗು ಯಾವುದು, ಹೊರಗು ಯಾವುದು, ಸರಿ ಯಾವುದು ಎಂದು ಗೊತ್ತುಮಾಡುವ ಅಧಿಕಾರ ಅವನದು. ಆ ಕೆಲಸದಲ್ಲಿ ಧರ್ಮಕಾರ್ಯದ ಅಂಶವೇ ಹೆಚ್ಚು.

ಗೌರವದಿಂದ ಹುಟ್ಟಿದ ಈ ಪದವನ್ನು ರೋಮಿನವರೇ ಬೈಗುಳ ಮಾಡಿದರು. ಕ್ರಿ.ಪೂ. 509ರಲ್ಲಿ ಕೊನೆಯ ದೊರೆ ಟಾರ್ಕ್ವಿನಿಯಸನನ್ನು ಓಡಿಸಿ ಗಣರಾಜ್ಯ ಕಟ್ಟಿದರೆಂದು ಅವರ ಸಂಪ್ರದಾಯ ಹೇಳುತ್ತದೆ. ಅಲ್ಲಿಂದ ಮುಂದೆ ಒಬ್ಬನನ್ನು ರೆಕ್ಸ್ ಎಂದು ಕರೆದರೆ ಅವನ ಮೇಲೆ ದ್ರೋಹದ ಆರೋಪ ಹೊರಿಸಿದಂತೆಯೇ. ದೇವರಿಗೆ ರಾಜನೇ ಸಲ್ಲಿಸಬೇಕಾದ ಕೆಲವು ಸೇವೆಗಳಿದ್ದವಲ್ಲ, ಅಷ್ಟಕ್ಕೆ 'ರೆಕ್ಸ್ ಸಾಕ್ರೋರಮ್' ಎಂಬ ಪುರೋಹಿತನೊಬ್ಬನನ್ನು ಇಟ್ಟುಕೊಂಡರು; ಅವನಿಗೆ ರಾಜಕೀಯ ಹುದ್ದೆ ನಿಷಿದ್ಧ. ಕ್ರಿ.ಪೂ. 44ರ ಲುಪರ್ಕೇಲಿಯಾ ಹಬ್ಬದಲ್ಲಿ ತನ್ನ ಬೆಂಬಲಿಗ ಆಂಟನಿ ಕಿರೀಟ ಒಡ್ಡಿದಾಗ ಸೀಸರ್ ಜನರ ಎದುರು ಅದನ್ನು ನಿರಾಕರಿಸಬೇಕಾಯಿತು. ಆಮೇಲಿನ ಚಕ್ರವರ್ತಿಗಳು ರಾಜರಿಗಿಂತ ಹೆಚ್ಚು ಅಧಿಕಾರ ನಡೆಸಿದರೂ ರೋಮಿನಲ್ಲಿ ಆ ಬಿರುದನ್ನು ಮಾತ್ರ ಮುಟ್ಟಲಿಲ್ಲ.

ಮಧ್ಯಯುಗದ ಯುರೋಪು ಅದನ್ನು ಮತ್ತೆ ಎತ್ತಿಕೊಂಡಿತು. ಇಂಗ್ಲೆಂಡಿನ ನಾಣ್ಯಗಳ ಮೇಲೆ ದೊರೆಯ ಹೆಸರಿನ ಜೊತೆ ರೆಕ್ಸ್ ಬಂತು. 1905ರಲ್ಲಿ ಹೆನ್ರಿ ಫೇರ್‌ಫೀಲ್ಡ್ ಆಸ್ಬರ್ನ್ ದೈತ್ಯ ಡೈನೊಸಾರ್ ಒಂದಕ್ಕೆ ಟಿರಾನೊಸಾರಸ್ ರೆಕ್ಸ್ ಎಂದು ನಾಮಕರಣ ಮಾಡಿದ. ನಾಯಿಗಳಿಗೂ ಚಿತ್ರಮಂದಿರಗಳಿಗೂ ಆ ಹೆಸರು ಬಂತು. ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ದಶಕಗಳ ಕಾಲ ನಡೆದು ಮುಚ್ಚಿದ ರೆಕ್ಸ್ ಟಾಕೀಸನ್ನು ನೆನೆಯುವವರು ಈಗಲೂ ಇದ್ದಾರೆ. ಅಲ್ಲೆಲ್ಲ ಅರ್ಥ ಒಂದೇ: ರಾಜ, ಎಲ್ಲಕ್ಕಿಂತ ಮೇಲಿನವನು.

ಪದ ನಿಜವಾಗಿ ಹೊರಳಿದ್ದು ಫ್ರಾನ್ಸಿನ ಒಂದು ಹಳ್ಳಿಯಲ್ಲಿ, ಮೊಲದ ಗೂಡಿನಲ್ಲಿ. 1919ರಲ್ಲಿ ಸಾರ್ತ್ ಪ್ರಾಂತ್ಯದ ರೈತನೊಬ್ಬನ ಮನೆಯ ಮೊಲಗಳಿಗೆ ವಿಚಿತ್ರ ತುಪ್ಪಳದ ಮರಿಗಳು ಹುಟ್ಟಿದವು. ಸಾಧಾರಣ ಮೊಲದ ಮೈಮೇಲೆ ಒಳಗಿನ ಮೆತ್ತನೆಯ ಕೂದಲನ್ನು ಮುಚ್ಚುವಂತೆ ಉದ್ದನೆಯ ಒರಟು ಕೂದಲು ಇರುತ್ತದೆ. ಈ ಮರಿಗಳಲ್ಲಿ ಆ ಹೊರಗೂದಲು ಗಿಡ್ಡವಾಗಿ ಒಳಗೂದಲಿನ ಮಟ್ಟಕ್ಕೇ ನಿಂತುಬಿಟ್ಟಿತ್ತು, ಕೈಯಾಡಿಸಿದರೆ ಮಖಮಲ್ಲು. ಊರಿನ ಪಾದ್ರಿ ಅಮೆದೆ ಜಿಲೆ ಆ ಮರಿಗಳನ್ನು ತಂದು ಜೋಡಿಮಾಡಿ ತಳಿ ಬೆಳೆಸಿದ. ಬಣ್ಣ ಬೀವರ್ ಎಂಬ ಪ್ರಾಣಿಯ ತುಪ್ಪಳವನ್ನು ಹೋಲುತ್ತಿತ್ತು. ಲ್ಯಾಟಿನ್ ಓದಿಕೊಂಡಿದ್ದ ಪಾದ್ರಿಗೆ ಹೆಸರಿಡುವುದು ಕಷ್ಟವಾಗಲಿಲ್ಲ: 'ಕಾಸ್ಟರ್ ರೆಕ್ಸ್', ಬೀವರುಗಳ ರಾಜ. 1924ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಅವು ಹೆಸರು ಮಾಡಿದವು. ತುಪ್ಪಳದ ಕೋಟುಗಳಿಗೆ ಬೇಡಿಕೆ ಇದ್ದ ಕಾಲ ಅದು.

ಆಮೇಲೆ ಸಾಕುವವರು ಬೇರೆಬೇರೆ ಬಣ್ಣದ ಮೊಲಗಳಿಗೆ ಈ ತುಪ್ಪಳವನ್ನು ಕೂಡಿಸಿದರು. ಬೂದು ಚಿಂಚಿಲಾ ಬಣ್ಣದ್ದು ಚಿಂಚಿಲಾ ರೆಕ್ಸ್ ಆಯಿತು. ಇಲ್ಲಿ ಪದದೊಳಗೆ ಏನು ನಡೆಯಿತು ನೋಡಿ. ಕಾಸ್ಟರ್ ಒಂದು ಬಣ್ಣದ ಹೆಸರಾಗಿ ಪಕ್ಕಕ್ಕೆ ಸರಿಯಿತು. ಎಲ್ಲ ಬಣ್ಣಗಳಿಗೂ ಸಮಾನವಾಗಿ ಉಳಿದ ರೆಕ್ಸ್ ತುಪ್ಪಳದ ಗುಣವನ್ನು ಹೇಳತೊಡಗಿತು. ರಾಜ ಅಲ್ಲಿಗೆ ಮುಗಿದ. ಆದರೂ ಅರ್ಥ ಇನ್ನೂ ಗುಂಗುರಿಗೆ ಬಂದಿರಲಿಲ್ಲ. ರೆಕ್ಸ್ ಮೊಲದ ಮೀಸೆ ಡೊಂಕಾದರೂ ಬೆಳೆದ ಮೊಲದ ಮೈ ನುಣುಪು. ಸುರುಳಿ ತುಪ್ಪಳದ ಮೊಲ ಬಂದಾಗ ಅಸ್ತ್ರಖಾನ್ ಎಂಬ ಸುರುಳಿ ಉಣ್ಣೆಯ ಹೆಸರನ್ನು ಸೇರಿಸಿ 'ಆಸ್ಟ್ರೆಕ್ಸ್' ಎಂದು ಬೇರೆ ಹೆಸರನ್ನೇ ಕಟ್ಟಬೇಕಾಯಿತು. 1939ರ ಹೊತ್ತಿಗೆ ಪ್ರಯೋಗಶಾಲೆಯ ಇಲಿಗಳಲ್ಲಿ ಕಂಡ ಅಲೆಗೂದಲು, ಡೊಂಕು ಮೀಸೆಯ ಗುಣವನ್ನು ವಿಜ್ಞಾನಿಗಳು ರೆಕ್ಸ್ ಎಂದೇ ದಾಖಲಿಸಿದರು. ಪದ ಬಾಗಿದ್ದು ಅಲ್ಲಿ.

ಬೆಕ್ಕಿನ ಸರದಿ ಬಂದದ್ದು 1950ರ ಜುಲೈ 21ರಂದು. ಇಂಗ್ಲೆಂಡಿನ ನೈರುತ್ಯ ಮೂಲೆಯ ಕಾರ್ನ್‌ವಾಲ್, ಬಾಡ್ಮಿನ್ ಮೂರ್ ಎಂಬ ಬಯಲಿನ ಒಂದು ತೋಟದಮನೆ. ಸೆರೀನಾ ಎಂಬ ಬೆಕ್ಕು ಹಾಕಿದ ಐದು ಮರಿಗಳಲ್ಲಿ ಒಂದು ಗಂಡುಮರಿಯ ಮೈಯೆಲ್ಲ ಸಣ್ಣ ಸಣ್ಣ ಅಲೆ, ಮೀಸೆಯೂ ಸುರುಳಿ. ಕ್ಯಾಲಿಬಂಕರ್ ಎಂದು ಹೆಸರಿಟ್ಟರು. ಒಡತಿ ನೀನಾ ಎನ್ನಿಸ್‌ಮೋರ್ ಮೊದಲು ರೆಕ್ಸ್ ಮೊಲ ಸಾಕಿದ್ದವಳು. ಮರಿಯನ್ನು ನೋಡಿದಾಗ ನೆನಪಾದದ್ದು ಆ ಮೊಲಗಳೇ. ತಳಿತಜ್ಞ ಎ. ಸಿ. ಜೂಡ್ ಸಲಹೆಯಂತೆ ಮರಿ ಬೆಳೆದ ಮೇಲೆ ತಾಯಿಯ ಜೊತೆಗೇ ಕೂಡಿಸಿದಾಗ ಮತ್ತೆ ಗುಂಗುರು ಮರಿಗಳು ಹುಟ್ಟಿದವು. ಗುಣ ವಂಶಪಾರಂಪರ್ಯವಾದದ್ದು ಎಂಬುದು ಖಚಿತವಾಯಿತು, ಬೆಕ್ಕಿಗೆ ಮೊಲದ ಹೆಸರು ಅಂಟಿಕೊಂಡಿತು. ಆ ಒಡತಿ ಮೊಲ ಸಾಕಿರದಿದ್ದರೆ ಈ ಬೆಕ್ಕಿಗೆ ಬೇರೇನೋ ಹೆಸರು ಬರುತ್ತಿತ್ತು. ಪದಗಳ ಬದುಕಿನಲ್ಲಿ ಇಂಥ ಆಕಸ್ಮಿಕಗಳ ಪಾಲು ವ್ಯಾಕರಣದ ಪಾಲಿಗಿಂತ ಕಡಿಮೆಯದಲ್ಲ ಎಂದು ನಾನು ನಂಬುತ್ತೇನೆ.

ಸುಮಾರು ಹತ್ತು ವರ್ಷದ ಬಳಿಕ ಪಕ್ಕದ ಡೆವನ್‌ನಲ್ಲಿ ಇನ್ನೊಂದು ಗುಂಗುರು ಮರಿ ಸಿಕ್ಕಿತು, ಹೆಸರು ಕರ್ಲೀ. ಎರಡೂ ಒಂದೇ ಎಂದುಕೊಂಡು ಅದನ್ನು ಕಾರ್ನ್‌ವಾಲಿನ ಬೆಕ್ಕುಗಳೊಂದಿಗೆ ಕೂಡಿಸಿದರು. ಹುಟ್ಟಿದ ಮರಿಗಳ ಕೂದಲು ನೇರ, ಒಂದಕ್ಕೂ ಗುಂಗುರಿಲ್ಲ. ಎರಡು ಊರಿನ ಸುರುಳಿಗೆ ಎರಡು ಬೇರೆ ವಂಶವಾಹಿಗಳು ಕಾರಣ ಎಂಬುದು ಹೀಗೆ ತಿಳಿಯಿತು. ಎರಡೂ ಅಪ್ರಬಲ ಗುಣಗಳು. ತಂದೆತಾಯಿ ಇಬ್ಬರಿಂದಲೂ ಒಂದೇ ಬಗೆಯದು ಬಂದರಷ್ಟೇ ಗುಂಗುರು ಕಾಣಿಸುತ್ತದೆ. ಪೂರ್ವ ಬರ್ಲಿನ್ನಿನ ಆಸ್ಪತ್ರೆಯೊಂದರ ತೋಟದಲ್ಲಿ 1951ರಲ್ಲಿ ವೈದ್ಯೆಯೊಬ್ಬಳ ಕಣ್ಣಿಗೆ ಬಿದ್ದ, ಕುರಿಮರಿ ಎಂಬ ಅರ್ಥದ ಹೆಸರು ಪಡೆದ ಲೆಮ್‌ಹೆನ್ ಎಂಬ ಬೆಕ್ಕಿನ ವಂಶವಾದ ಜರ್ಮನ್ ರೆಕ್ಸ್‌ನ ವಿಷಯ ಬೇರೆ: ಅದರ ಸುರುಳಿಗೂ ಕಾರ್ನ್‌ವಾಲಿನ ಸುರುಳಿಗೂ ವಂಶವಾಹಿ ಒಂದೇ.

1987ರಲ್ಲಿ ಅಮೆರಿಕದ ಮೊಂಟಾನಾದಲ್ಲಿ ಸಿಕ್ಕ ಸೆಲ್ಕರ್ಕ್ ರೆಕ್ಸ್‌ನ ಗುಂಗುರು ಪ್ರಬಲ ಗುಣ. ಒಂದು ಕಡೆಯಿಂದ ಬಂದರೂ ಸಾಕು. ಇಂದು ಕಾರ್ನಿಷ್ ರೆಕ್ಸ್‌ಗೆ ಎಲ್‌ಪಿಎಆರ್6, ಡೆವನ್ ಮತ್ತು ಸೆಲ್ಕರ್ಕ್‌ಗೆ ಕೆಆರ್‌ಟಿ71 ಎಂಬ ವಂಶವಾಹಿ ಕಾರಣವೆಂದು ತಿಳಿದಿದೆ. ಮೈಮೇಲೆ ಕೂದಲೇ ಇಲ್ಲದಂತೆ ಕಾಣುವ ಸ್ಫಿಂಕ್ಸ್ ಬೆಕ್ಕಿನ ಬೋಳುತನಕ್ಕೂ ಕೆಆರ್‌ಟಿ71ರ ದೋಷವೇ ಕಾರಣ. ಎಲ್‌ಪಿಎಆರ್6 ಕೆಟ್ಟರೆ ಮನುಷ್ಯರ ಕೂದಲೂ ಉಣ್ಣೆಯಂತೆ ಸುತ್ತಿಕೊಳ್ಳುತ್ತದೆ. ವಿಜ್ಞಾನ ಬೇರೆಬೇರೆಯೆಂದು ವಿಂಗಡಿಸಿದ್ದನ್ನು ರೆಕ್ಸ್ ಎಂಬ ಪದ ಒಂದೇ ಸೂರಿನಡಿ ಇಟ್ಟುಕೊಂಡಿದೆ. 1982ರಲ್ಲಿ ಓರೆಗಾನ್‌ನಲ್ಲಿ ಹುಟ್ಟಿದ ಲಾಪರ್ಮ್ ತಳಿಯವರು ಮಾತ್ರ ಆ ಸೂರಿನಡಿ ಬರಲಿಲ್ಲ. ಬ್ಯೂಟಿ ಪಾರ್ಲರಿನಲ್ಲಿ ಕೂದಲು ಸುರುಳಿ ಮಾಡಿಸುವ 'ಪರ್ಮ್' ಎಂಬ ಪದದಿಂದ ಹೆಸರು ಕಟ್ಟಿಕೊಂಡರು.

ಕನ್ನಡದಲ್ಲಿ ಸಾಕುಪ್ರಾಣಿಗಳ ಬಗ್ಗೆ ಬರೆಯುವವರಲ್ಲಿ, ನಿಘಂಟು ಕಟ್ಟುವವರಲ್ಲಿ ನನ್ನದೊಂದು ಬಿನ್ನಹ. ಲ್ಯಾಟಿನ್ ಕೋಶ ತೆರೆದು ಈ ಬೆಕ್ಕುಗಳನ್ನು 'ರಾಜಮಾರ್ಜಾಲ' ಮಾಡಬೇಡಿ. ಬೆಕ್ಕಿಗೆ ಬರುವ ಹೊತ್ತಿಗೆ ರೆಕ್ಸ್ ಪದದಲ್ಲಿ ರಾಜ ಉಳಿದಿರಲಿಲ್ಲ. ತಳಿಯ ಹೆಸರು ರೆಕ್ಸ್ ಎಂದೇ ಇರಲಿ; ಅರ್ಥದ ಜಾಗದಲ್ಲಿ ಗುಂಗುರು ಬೆಕ್ಕು ಎಂದು ಬರೆಯಿರಿ. ಕೋಲಾರದ ಕಡೆಯವರು ಗುಂಗುರು ಕೊತ್ತಿ ಎಂದರೂ ಸರಿಯೇ.