ಹಂತಾನದ ಚಹಾ, ಸುಳ್ಯದ ರಬ್ಬರ್

ಕಳೆದ ವರ್ಷ ಮಗಳ ಸಂಸಾರದೊಂದಿಗೆ ಶ್ರೀಲಂಕೆಗೆ ಹೋಗಿದ್ದಾಗ ಕ್ಯಾಂಡಿ ನಗರದ ಸಮೀಪ ಹಂತಾನದ ಬೆಟ್ಟದಲ್ಲಿರುವ ಚಹಾ ವಸ್ತುಸಂಗ್ರಹಾಲಯವನ್ನು ನೋಡಿ ಬಂದೆನು. 1925ರಲ್ಲಿ ಕಟ್ಟಿದ ಚಹಾ ಕಾರ್ಖಾನೆಯನ್ನು ದುರಸ್ತಿಗೊಳಿಸಿ 2001ರಲ್ಲಿ ಸಂಗ್ರಹಾಲಯವಾಗಿ ತೆರೆದಿದ್ದಾರೆ. ಹಲವು ಅಂತಸ್ತು, ಸಾಲು ಸಾಲು ಕಿಟಕಿ. ಇಷ್ಟೊಂದು ಕಿಟಕಿ ಏಕೆಂದು ಮೊಮ್ಮಗ ಕೇಳಿದ. ಕೊಯ್ದ ಹಸಿ ಎಲೆಯನ್ನು ಮೇಲಿನ ಅಂತಸ್ತುಗಳಲ್ಲಿ ಹರಡಿ ಗಾಳಿಯಲ್ಲಿ ಬಾಡಿಸಬೇಕು; ಬಳಿಕ ಕೆಳಗಿನ ಯಂತ್ರಗಳಲ್ಲಿ ಹೊಸೆದು, ಬಣ್ಣ ತಿರುಗಲು ಬಿಟ್ಟು, ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಮೇಷ್ಟರ ಬುದ್ಧಿ ಎಲ್ಲಿ ಹೋದರೂ ಬಿಡದು, ಅವನಿಗೆ ಅಲ್ಲಿಯೇ ಪಾಠ ಮಾಡಿದೆ.

ಸಿಲೋನಿನ ಬೆಟ್ಟಗಳಲ್ಲಿ ಮೊದಲು ಇದ್ದ ಬೆಳೆ ಕಾಫಿ. 1869ರಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗವು ಆ ತೋಟಗಳನ್ನು ನುಂಗಿತು. ಅದಕ್ಕೆ ಎರಡು ವರ್ಷ ಮೊದಲೇ, 1867ರಲ್ಲಿ, ಸ್ಕಾಟ್ಲೆಂಡಿನ ಜೇಮ್ಸ್ ಟೇಲರ್ ಲೂಲ್‌ಕಂದುರ ತೋಟದ 19 ಎಕರೆಯಲ್ಲಿ ಚಹಾ ನೆಟ್ಟಿದ್ದನು. ಅವನಿಗೆ ಸಂಬಂಧಿಸಿದ ವಸ್ತುಗಳನ್ನು ಇಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ಇಡಬೇಕಾದ್ದೇ. ಆದರೆ ಅವುಗಳ ಮುಂದೆ ನಿಂತಾಗ ನನ್ನ ನೆನಪಿಗೆ ಬಂದದ್ದು ಟೇಲರನಲ್ಲ, ಸುಳ್ಯದ ಕಡೆಯ ಒಬ್ಬ ಅಜ್ಜಿ.

ನಾನು ಸುಳ್ಯ ತಾಲ್ಲೂಕಿನಲ್ಲಿ ಚರಿತ್ರೆ ಕಲಿಸುತ್ತಿದ್ದ ವರ್ಷಗಳಲ್ಲಿ ರಬ್ಬರ್ ತೋಟದ ಕಾಲೊನಿಗಳಿಂದ ತಮಿಳು ಮಾತಿನ ಮಕ್ಕಳು ಬರುತ್ತಿದ್ದರು. ಅವರ ಪೂರ್ವಿಕರು ಬ್ರಿಟಿಷರ ಕಾಲದಲ್ಲಿ ತಮಿಳುನಾಡಿನಿಂದ ಸಿಲೋನಿನ ತೋಟಗಳಿಗೆ ಕೂಲಿಗೆ ಹೋದವರು. ಸಿಲೋನು ಸ್ವತಂತ್ರವಾದ 1948ರಲ್ಲಿಯೇ ಅಲ್ಲಿನ ಪೌರತ್ವ ಕಾಯಿದೆಯು ಅವರಲ್ಲಿ ಬಹುತೇಕರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರ ಅಕ್ಟೋಬರ್ 30ರಂದು ಲಾಲ್ ಬಹಾದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಒಪ್ಪಂದ ಮಾಡಿಕೊಂಡರು: 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಲೋನಿಗೆ. ಉಳಿದ 1,50,000 ಮಂದಿಯನ್ನು 1974ರಲ್ಲಿ ಸಮಪಾಲು ಮಾಡಿದರು. ಆಸ್ತಿ ಹಂಚಿಕೊಂಡಂತೆ! ಹೀಗೆ ಹಿಂದಿರುಗಿದವರಲ್ಲಿ ಕೆಲವರಿಗೆ ಪುತ್ತೂರು, ಸುಳ್ಯದ ರಬ್ಬರ್ ತೋಟಗಳಲ್ಲಿ ಸರಕಾರವು ಕೆಲಸ ಕೊಟ್ಟಿತು. ‘ಹಿಂದಿರುಗಿದವರು’ ಎನ್ನುವುದೂ ಸರಿಯಲ್ಲ. ಅವರಲ್ಲಿ ಎಷ್ಟೋ ಮಂದಿ ಸಿಲೋನಿನಲ್ಲಿಯೇ ಹುಟ್ಟಿದವರು.

ಶಾಸ್ತ್ರಿಯವರ ವಿಷಯ ಬಂದಾಗ ತಾಷ್ಕೆಂಟ್ ಒಪ್ಪಂದವನ್ನು ಪ್ರತಿವರ್ಷವೂ ಬಾಯಿಪಾಠ ಮಾಡಿಸುತ್ತಿದ್ದೆ. ಈ ಇನ್ನೊಂದು ಒಪ್ಪಂದವನ್ನು ಒಮ್ಮೆಯೂ ಹೇಳಲಿಲ್ಲ. ಅದರ ಫಲವಾಗಿ ನಮ್ಮೂರಿಗೆ ಬಂದವರ ಮಕ್ಕಳು ಎದುರಿನ ಬೆಂಚಿನಲ್ಲಿಯೇ ಕುಳಿತಿದ್ದರು. ಪಠ್ಯದಲ್ಲಿ ಇರಲಿಲ್ಲವೆಂಬುದು ನೆಪ ಮಾತ್ರ.

ಒಮ್ಮೆ ಮೊಮ್ಮಗಳ ಅಂಕಪಟ್ಟಿಗೆ ಹೆಬ್ಬೆಟ್ಟು ಒತ್ತಲು ಬಂದಿದ್ದ ಆ ಅಜ್ಜಿಯನ್ನು ಶಾಲೆಯ ಜಗಲಿಯಲ್ಲಿ ಮಾತಿಗೆಳೆದು, “ಸಿಲೋನಿನಲ್ಲಿ ಏನು ಕೆಲಸ ಮಾಡುತ್ತಿದ್ದಿರಿ ಅಮ್ಮಾ?” ಎಂದು ಕೇಳಿದ್ದೆ. ಆಕೆ ಪಕ್ಕದ ದಾಸವಾಳದ ಗಿಡದಿಂದ ಎರಡೆಲೆ ಒಂದು ಕುಡಿಯನ್ನು ಚಿವುಟಿ ನನ್ನ ಅಂಗೈಯಲ್ಲಿಟ್ಟರು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ! ನಾನು ನಕ್ಕು, ಗಂಟೆಯಾಯಿತೆಂದು ತರಗತಿಗೆ ನಡೆದೆ. ಯಾವ ತೋಟ, ಎಷ್ಟು ವರ್ಷ, ಒಂದನ್ನೂ ಕೇಳಲಿಲ್ಲ.

ಹಂತಾನದಿಂದ ಒಂದು ಪೊಟ್ಟಣ ಚಹಾ ತಂದಿದ್ದೇನೆ, ಇನ್ನೂ ಒಡೆದಿಲ್ಲ. ಕಾಲೊನಿಯಿಂದ ಬರುತ್ತಿದ್ದ ನನ್ನ ವಿದ್ಯಾರ್ಥಿಗಳು ಯಾರಾದರೂ ಇದನ್ನು ಓದಿದರೆ, ನಿಮ್ಮ ಹಿರಿಯರು ದುಡಿದ ತೋಟದ ಹೆಸರನ್ನು ಬರೆದು ತಿಳಿಸಿರಿ; ಬಿಡುವಾದಾಗ ಮನೆಗೂ ಬನ್ನಿರಿ.